ಗುಳ್ಳೆ ಏಳುವ ಜಾಗ

ನೂರಾ ನಲವತ್ತೆಂಟು.
ಅಡುಗೆಮನೆಯ ಮೇಜಿನ ಮೇಲೆ, ಆರಿಹೋದ ಬೀನ್ಸ್ ತಟ್ಟೆಯ ಪಕ್ಕ
ಲ್ಯಾಪ್‌ಟಾಪು ಅಷ್ಟು ಹೇಳಿ ಸುಮ್ಮನಾಯಿತು.
ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.
ಹೊರಗೆ ಎಲ್ ಪಾಸೋ. ಗಡಿಸೇತುವೆಯ ಮೇಲೆ ಲಾರಿಗಳು
ಒಂದರ ಬಾಲ ಇನ್ನೊಂದು ಮೂಸುತ್ತ ನಿಂತಿದ್ದವು.

ಹದಿನಾರು ವರ್ಷದಿಂದ ನಾನು ಕೋರ್ಟಿನಲ್ಲಿ ದುಭಾಷಿ.
ಅವರ ಸ್ಪ್ಯಾನಿಷ್ ನನ್ನ ಕಿವಿಯಲ್ಲಿ ಒಳಹೋಗಿ
ನನ್ನ ಬಾಯಲ್ಲಿ ಇಂಗ್ಲಿಷಾಗಿ ಹೊರಬೀಳುತ್ತದೆ.
'ನಾನು ಕದ್ದಿಲ್ಲ' ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ,
'ನಾನೇ ಹೊಡೆದದ್ದು' ಎಂದು ಒಮ್ಮೊಮ್ಮೆ.
ಅಷ್ಟೊಂದು 'ನಾನು'ಗಳಲ್ಲಿ ನಾನೊಬ್ಬಳೇ ಇಲ್ಲ.
ಬಾಯಿ ಹೇಗೂ ನನ್ನದು, ಮಾತೂ ಒಂದು ದಿನ ನನ್ನದಾಗಲಿ ಎಂದು
ನಲವತ್ತೊಂದಕ್ಕೆ ವಕೀಲಿಕೆಯ ಹುಚ್ಚು ಹತ್ತಿತು.

ಲಾ ಸ್ಕೂಲಿನ ಬಾಗಿಲಲ್ಲಿ ಕೂತ ಈ ಪರೀಕ್ಷೆ
ಕಾನೂನು ಕೇಳುವುದೇ ಇಲ್ಲ.
ಯಾರೋ ಪುರಸಭೆಯವನು ಪಾರಿವಾಳಗಳ ಬಗ್ಗೆ ವಾದಿಸುತ್ತಾನೆ,
ಅವನ ವಾದದಲ್ಲಿ ತೂತೆಲ್ಲಿದೆ ಹೇಳು ಅನ್ನುತ್ತದೆ.
ಐದು ಉತ್ತರ. ಐದೂ ಮುಖ ತೊಳೆದು, ತಲೆ ಬಾಚಿಕೊಂಡು
ಕಟಕಟೆಗೆ ಬಂದ ಸಾಕ್ಷಿಗಳ ಹಾಗೆ ನಿಂತಿರುತ್ತವೆ.

ಎರಡನೇ ಸಲ ಬರೆದೆ. ನೂರಾ ನಲವತ್ತೇಳು.
ನಗಬೇಡಿ.
ವಾರವಿಡೀ ಬೆಳಗಿನ ನಾಲ್ಕಕ್ಕೆ ಎದ್ದದ್ದರ ಕೂಲಿ: ಮೈನಸ್ ಒಂದು.
ತಮ್ಮ ರೊಹೆಲಿಯೊ, ಟೈರ್ ಅಂಗಡಿಯವನು, ಉಗುರಿನ ಕಪ್ಪು ಕೆರೆಯುತ್ತ ಹೇಳಿದ:
'ಗಾಳಿ ನಿಲ್ಲುತ್ತಿಲ್ಲ ಅಂದರೆ ಪಂಪು ಹೊಡೀತಾ ಕೂರಬೇಡ ಅಕ್ಕಾ.
ಟ್ಯೂಬು ನೀರಿಗೆ ಅದ್ದು.
ಗುಳ್ಳೆ ಎಲ್ಲಿ ಏಳುತ್ತೆ, ನೋಡು.'

ಅದ್ದಿದೆ.
ಹಳೆಯ ಲೆಕ್ಕದ ಪುಸ್ತಕದಲ್ಲಿ ತಪ್ಪಿದ ಪ್ರಶ್ನೆಗಳನ್ನಷ್ಟೇ ಇಳಿಸಿ,
ಸರಿಯುತ್ತರ ಮುಚ್ಚಿಟ್ಟು, ಗಡಿಯಾರ ಡ್ರಾಯರಿಗೆ ತಳ್ಳಿ
ಮತ್ತೆ ಬಿಡಿಸಿದೆ. ತಪ್ಪನ್ನು ಯಾಕೆ ಆರಿಸಿದೆ ಎಂದು
ಒಂದೊಂದಕ್ಕೂ ಒಂದು ಸಾಲು.
'ಆತುರ' ಎಂದು ಬರೆದೆ. ಸುಳ್ಳು. ಹೊಡೆದುಹಾಕಿದೆ.
'ಇಂಗ್ಲಿಷ್ ನನ್ನ ತಾಯ್ನುಡಿಯಲ್ಲ.'
ಅದೂ ಸುಳ್ಳೇ;
ಹೊಡೆಯಲು ಮಾತ್ರ ತುಸು ಹೊತ್ತು ಹಿಡಿಯಿತು.

ಮೂರನೇ ಭಾನುವಾರ ಗುಳ್ಳೆ ಎದ್ದಿತು.
ಪುರಸಭೆಯವನಿಗೆ ನಾನು ಸಹಾಯ ಮಾಡಿದ್ದೆ!
ಅವನು ಹೇಳದೆ ಬಿಟ್ಟದ್ದು, ಪಾಪ,
ಮನಸ್ಸಿನಲ್ಲಿ ಇದ್ದೇ ಇರುತ್ತದೆ ಅಂದುಕೊಂಡು
ನಾನೇ ತುಂಬಿಕೊಟ್ಟಿದ್ದೆ.
ಕೈಯಾರೆ ತೇಪೆ ಹಾಕಿ,
ಆಮೇಲೆ ತೂತೆಲ್ಲಿ ಎಂದು ಹುಡುಕುತ್ತಿದ್ದೆ.
ಮೂವತ್ತೊಂದು ತಪ್ಪುಗಳಲ್ಲಿ ಹತ್ತೊಂಬತ್ತು ಇದೇ ತಳಿಯವು.

ಕೋರ್ಟಿನಲ್ಲಿ ಒಮ್ಮೆಯೂ ಮಾಡದ ಪಾಪ ಅದು.
ಅಲ್ಲಿ ಕೈಯೆತ್ತಿ ಪ್ರಮಾಣ ಮಾಡಿದ್ದೇನೆ,
ಒಂದು ಪದ ಸೇರಿಸೆನು, ಒಂದು ಪದ ಬಿಡೆನು ಎಂದು.
ಬಾಡಿಗೆ ಕಟ್ಟಿದ ದಿನ ಯಾವುದೆಂದು
ಸೆನ್ಯೋರಾ ಬೆನಾವಿದೆಸ್ ಜಡ್ಜಿನ ಮುಂದೆ ತಡವರಿಸಿದಾಗ
ಆ ತಾರೀಖು ನನಗೆ ಗೊತ್ತಿತ್ತು.
ಅರ್ಧ ಗಂಟೆಯ ಹಿಂದೆ, ನೀರಿನ ನಲ್ಲಿಯ ಹತ್ತಿರ, ಅವಳೇ ಹೇಳಿದ್ದಳು.
ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ.
'ನನಗೆ ನೆನಪಾಗುತ್ತಿಲ್ಲ' ಎಂದೆ, ಅವಳ ಬಾಯಾಗಿ, ಸ್ಪಷ್ಟ ಇಂಗ್ಲಿಷಿನಲ್ಲಿ.
ಮನೆ ಹೋಯಿತು ಅವಳದು.

ಅಂದು ನುಂಗಿದ್ದನ್ನೇ ಈ ಅಡುಗೆಮನೆಯಲ್ಲಿ
ಯಾರು ಯಾರದೋ ವಾದದೊಳಕ್ಕೆ ಉಗುಳುತ್ತಿದ್ದೆನೇನೋ.

ನೂರಾ ಐವತ್ತೆರಡು. ಆಮೇಲೆ ಐವತ್ತೊಂದು.
ನೆಗಡಿ ಬಂದ ವಾರ ಏನೂ ಇಲ್ಲ. ನಿನ್ನೆ ಐವತ್ತಾರು.
ನೂರಾ ಅರವತ್ತು ಬೇಕು, ಪರೀಕ್ಷೆಗೆ ಇನ್ನು ಹನ್ನೊಂದು ದಿನ.
ಆದೀತೋ ಇಲ್ಲವೋ. ಆ ಉತ್ತರವನ್ನೂ ಈಗ
ಮುಂಚೆಯೇ ತುಂಬಲು ಹೋಗುವುದಿಲ್ಲ.
ಪ್ರತಿ ವಾದದ ಪಕ್ಕ ದುಭಾಷಿಯಾಗಿ ನಿಲ್ಲುತ್ತೇನೆ:
ನೀನು ಹೇಳಿದ್ದು ಇಷ್ಟು. ಇಷ್ಟೇ.

ದುಭಾಷಿ ಕೇಳುವಂತಿಲ್ಲ.
ವಕೀಲೆ ಎದ್ದು ನಿಂತು, ನೆನಪು ಮರಳುವವರೆಗೂ ಕಾದು, ಕೇಳಬಹುದು:
'ಅಮ್ಮಾ, ಅದು ಯಾವ ತಾರೀಖು?'

ಡ್ರಾಯರಿನಿಂದ ಗಡಿಯಾರ ತೆಗೆದೆ.
ಮೂವತ್ತೈದು ನಿಮಿಷ.
ಪಾರಿವಾಳ ಮುಗಿಯಿತು, ಈ ಸಲ ಜೇನ್ನೊಣ.