ಸೋಪಿನ ಪೆಟ್ಟಿಗೆಯ ಸೌಡಿ

ಮೊದಲು ಚಟ್ನಿಪುಡಿಯ ಸ್ಟೀಲ್ ಡಬ್ಬಿಯಲ್ಲಿಟ್ಟೆ
ಅಂಗೈಯಗಲದ ಆ ಹಸಿರು ಹಲಗೆಯನ್ನು,
ಎರಡು ಕೇಬಲ್ಲು, ಉಗುರಷ್ಟು ಮೆಮೊರಿ ಕಾರ್ಡಿನ ಸಮೇತ.
ಒಂದು ಗೆರೆ ಸಿಗ್ನಲ್ಲೂ ಹೊರಗೆ ಬರಲಿಲ್ಲ.
ಮಾವ ನಕ್ಕರು: 'ತೂಬು ಮುಚ್ಚಿ, ನೀರು ಬರ್ಲಿಲ್ಲ ಅಂತೀಯಲ್ಲವ್ವ.'

ಆಮೇಲೆ ಸಿಕ್ಕಿದ್ದು ಗಂಧದ ಸೋಪಿನ ರಟ್ಟಿನ ಪೆಟ್ಟಿಗೆ.
ಕತ್ತರಿಯಲ್ಲಿ ಎರಡು ಕಿಂಡಿ, ಗಾಳಿಗೆ ನಾಲ್ಕು ತೂತು,
ಗಡಿಯಾರದ ಕೆಳಗಿನ ಮೊಳೆಗೆ ನೇತುಹಾಕಿದೆ.

ಕೊತ್ತತ್ತಿಯ ಈ ಮನೆಗೆ ಬರುವ ಲೈನು ಒಂದೇ, ಅದೂ ಸಣ್ಣದು.
ಕುಡಿಯುವ ಬಾಯಿ ಏಳು:
ಟಿ.ವಿ., ನನ್ನ ಹೊಲಿಗೆಯ ವಿಡಿಯೊ, ಇಂಚರಳ ಟ್ಯೂಷನ್ನು,
ಭಾವನ ರೀಲ್ಸಂತೂ ಬದು ಒಡೆದ ಗದ್ದೆ,
ಎಷ್ಟು ಬಿಟ್ಟರೂ ಸಾಲದು.

ಮಾವ ಮೂವತ್ತೊಂದು ವರ್ಷ ನಾಲೆಯ ಸೌಡಿ.
ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಅಂಗೈಲಿ ಬರೆದುಕೊಂಡು
ಕತ್ತಲಲ್ಲಿ ಏರಿಯ ಮೇಲೆ ನಡೆದವರು.
ಇದೂ ಸೌಡಿಯೇ ಮಾವ, ಅಂದೆ.
ಬಂದವರಿಗೊಂದು ನಂಬರು ಕೊಡುತ್ತದೆ, ಹನ್ನೆರಡು ಗಂಟೆಗೆ.
ಮುಗಿದ ಮೇಲೆ ಮತ್ತೆ ಕೇಳಬೇಕು.
'ಕೂಲಿ?'
ಐದು ವೋಲ್ಟು.

ಕರೆಂಟು ಹೋಗಿ ಬಂದು ಹೋಗಿ, ಕಾರ್ಡು ಎರಡು ಸಲ ಸತ್ತಿತು.
ಎರಡು ಸಲವೂ ಎಲ್ಲವನ್ನೂ ಮೊದಲಿಂದ ಬರೆದೆ.
ಈಗ ಆ ಸಾಲುಗಳು ನೋಟ್‌ಬುಕ್ಕಿನಲ್ಲೂ ಇವೆ,
ಹಾಲಿನ ಲೆಕ್ಕದ ಪಕ್ಕ.

ಕಳೆದ ವಾರ ಪಟ್ಟಿಯಲ್ಲಿ ಎಂಟನೆಯದೊಂದು.
ಹೆಸರಿಲ್ಲ. ರಾತ್ರಿ ಎರಡಕ್ಕೆ ಬರುತ್ತದೆ, ಎರಡೂವರೆಗೆ ಹೋಗುತ್ತದೆ.
ಬ್ಲೌಸಿಗೆ ಹುಕ್ಕು ಹಾಕುತ್ತ ಎದ್ದಿದ್ದವಳು
ತಡೆಯುವ ಸಾಲು ಬರೆದೆ. ಎಂಟರ್ ಒತ್ತಬೇಕು,
ಇಂಚರ ಎದ್ದು ಕೂತಳು:
'ಅಮ್ಮಾ, ಅದು ಆಲೆಮನೆ ಅಣ್ಣ. ಪಾಸ್‌ವರ್ಡು ನಾನೇ ಕೊಟ್ಟೆ.'

ಹಿತ್ತಲ ಗೋಡೆಯಾಚೆ, ರಚ್ಚಿನ ರಾಶಿಯ ಮೇಲೆ,
ಕೊಪ್ಪರಿಗೆ ಇಳಿಸಿ ಬಂದು ಕೂತ ಹುಡುಗ.
ಅವನ ಫೋನಿನೊಳಗೆ ಯಾವ ಊರಿನದೋ ಎಳೆಗೂಸು
ಅಳುತ್ತ, ನಿಂತು ನಿಂತು,
ಚೌಕ ಚೌಕವಾಗಿ ಒಡೆಯುತ್ತಿದೆ.

ಮಾವ ಕಣ್ಣು ಬಿಡದೆ ಕೇಳಿದರು: 'ಕೊನೇ ಗದ್ದೆ ಯಾರ್ದು?'
ಅವನದು.
'ಹಂಗಾರೆ ಮೊದ್ಲು ಬಾಲಕ್ಕೆ ಬುಡು.
ತಲೇಲಿರೋನು ಹೆಂಗಾದ್ರೂ ಕುಡ್ಕತಾನೆ.'

ಆ ಸಾಲು ಅಳಿಸಿದೆ.
ಎರಡರಿಂದ ಎರಡೂವರೆ, ಎಂಟನೆಯವನಿಗೆ ಮೊದಲು.
ಅವನ ಹೆಸರು ಇನ್ನೂ ಕೇಳಿಲ್ಲ, 'ಬಾಲ' ಅಂತ ಹಾಕಿದ್ದೇನೆ.

ಈಗ ಆ ಹೊತ್ತಿಗೆ ಹಲಗೆ ಬಿಸಿಯಾಗುತ್ತದೆ,
ರಟ್ಟಿನಲ್ಲುಳಿದ ಗಂಧ ಮೆಲ್ಲಗೆ ನಡುಮನೆಗೆ ಇಳಿಯುತ್ತದೆ.
ಅತ್ತೆ ಮಗ್ಗುಲಾಗಿ ಗೊಣಗುತ್ತಾರೆ:
'ಇಷ್ಟೊತ್ನಲ್ಲಿ ಯಾರವ್ವ ಮುಖ ತೊಳೀತಿರೋದು?'