ತೊಟ್ಟು

ಬ್ಯಾಡಗಿ ಗೋದಾಮಿನ್ಯಾಗ ಮುಂಜಾನೆ
ಮೊದಲನೇ ಚೀಲ ಬಿಚ್ಚೂಕಿಂತ ಮೊದಲ
ಮೃದುಲಾನ ಬಿಚ್ಚತೀವಿ.

"ರಾತ್ರಿ ನೋಡಿದ್ಯೇನ? ಅತ್ತಿ ಪಾಯಸದಾಗ
ಗಾಜಿನ ಪುಡಿ ಹಾಕಿದಳಲ್ಲ, ಮೂಳಿ!"
"ಆಕಿ ಕೈ ಸೇದಿ ಹೋಗ್ಲಿ" ಅಂತಾಳ ಫಕ್ಕೀರವ್ವ.
"ಆಕಿ ಬಾಯಾಗ ಮಣ್ಣು ಬೀಳ್ಲಿ" ಅಂತಾಳ ಹುಸೇನಬಿ,
ಬೈಯೂದು ಮುಗಿದ ಮ್ಯಾಲೆ ಸಣ್ಣ ದನೀಲೆ ಕೇಳತಾಳ:
"ಆ ಸೀರಿ ಬಣ್ಣಕ್ಕ ಏನಂತಾರವಾ?"

ತೊಟ್ಟು ಮುರಿ, ಬುಟ್ಟಿಗೆ ಹಾಕು. ತೊಟ್ಟು ಮುರಿ.

ಒಳ್ಳೆ ಸೊಸಿನೂ ಅದಾಳ ಆ ಧಾರಾವಾಹ್ಯಾಗ.
ಆಕಿ ಹೆಸರು ನನಗ ನೆನಪಿಲ್ಲ.
ಆಕಿ ಅಳಾಕ ಹತ್ತಿದರ ನಾ ಎದ್ದು
ಬಾಂಡೆ ತಿಕ್ಕತೇನಿ, ಒಲಿ ಸಾರಸತೇನಿ,
ಹುಡುಗರಿಗೆ ಹಾಸಿಗಿ ಹಾಸತೇನಿ.
ಮೃದುಲಾ ನಕ್ಕ ಸಪ್ಪಳ ಕೇಳಿದರ
ತೊಯ್ದ ಕೈಲೇ ಓಡಿ ಬರತೇನಿ.

ನಮ್ಮೂರ ಕಾಯಿ ಇದ್ದಂಗ ಆಕಿ:
ನೋಡಾಕ ಬೆಂಕಿ, ತಿಂದರ ಖಾರಿಲ್ಲ.
ಸಾರು ಕೆಂಪಾಗತೈತಿ, ನಾಲಿಗಿ ಸುಡೂದಿಲ್ಲ.
ಗಾಜು ಉಂಡ ಅತ್ತಿ ಸೋಮವಾರ ಮತ್ತ
ಮೂಗುತಿ ಹಾಕ್ಕೊಂಡು ಕುಂತಿರತಾಳ.
(ಖಾರಿಲ್ಲ ಅಂತ, ದಿನಾ ಹತ್ತು ತಾಸು
ಕಾಯಿ ಹಿಡದ ಬೆರಳಿಗೆ ಮಾತ್ರ ಹೇಳಬ್ಯಾಡ್ರಿ.)

ಸಂಜಿಗೆ ಗುಮಾಸ್ತ ತಕ್ಕಡಿ ತರತಾನ.
ಬುಟ್ಟಿಗೆ ಇನ್ನೂರು ಗ್ರಾಂ ನುಂಗತಾನ,
ಮೆತ್ತಗ, "ಬರ್ರಿ ಅವ್ವಾರ, ಬರ್ರಿ ಅವ್ವಾರ" ಅನಕೋತ.
ಆವಾಗ ಗುಡುಗಿಲ್ಲ, ಮಿಂಚಿಲ್ಲ.
ಅವನ ಮಾರಿ ಮೂರು ಮೂರು ಸಲ
ಹತ್ರ ತಂದು ಯಾರೂ ತೋರಸೂದಿಲ್ಲ.
ನಾವು ಬೈಯೂದೂ ಇಲ್ಲ.

ಹ್ವಾದ ಗುರುವಾರ ಫಕ್ಕೀರವ್ವ,
ನಾಯಿಗೂ ಹಚಾ ಅನ್ನದ ಫಕ್ಕೀರವ್ವ,
ತಕ್ಕಡಿ ಮುಂದ ನಿಂತು ಒಂದ ಹುಬ್ಬು,
ಎಡಗಡಿದು, ಥೇಟ್ ಮೃದುಲಾನ ಹುಬ್ಬು,
ನಿಧಾನಕ ಮ್ಯಾಲೆ ಏರಿಸಿದಳು.
ಪಿಟ್ಟಂತ ಮಾತಿಲ್ಲ.
ಗುಮಾಸ್ತನ ಪೆನ್ನು ನಿಂತಿತು.
ಮತ್ತೊಮ್ಮೆ ತೂಗಿದ.
ನಮ್ಮ ಕಿವ್ಯಾಗ ಡಂ ಡಂ ಡಂ.

ಮೂರು ರೂಪಾಯಿ ಹೆಚ್ಚಿಗಿ ಬಂತು.
ಪೆಪ್ಪರಮಿಂಟ್ ತರಿಸಿ ಚೀಪಿಕೋತ ಮನಿಗೆ ಹೋದಿವಿ.
ಶುಕ್ರವಾರ ತಕ್ಕಡಿಗೆ ಮತ್ತ ಹಳೇ ಚಾಳಿ.

ನಿನ್ನೆ ರಾತ್ರಿ ಮೃದುಲಾ ಸುಧಾರಿಸಿದಳು.
ಬಿಳಿ ಸೀರಿ. ಹಣ್ಯಾಗ ವಿಭೂತಿ.
ಅತ್ತಿ ಕಾಲು ಹಿಡದು ಬಿಕ್ಕಿ ಬಿಕ್ಕಿ ಅತ್ತಳು.
ನಾ ಎದ್ದು ಅಡಗಿ ಮನಿಗೆ ಹೋದೆ.
ಓಣಿ ತುಂಬ ಬಾಂಡೆ ಸಪ್ಪಳ.

ಇವತ್ತು ಚೀಲ ಬಿಚ್ಚಿದಿವಿ, ಅಷ್ಟ.
ಮಧ್ಯಾಹ್ನದ ತನಕ ಬರೇ ತೊಟ್ಟು ಮುರಿಯೋ ಸಪ್ಪಳ,
ನಡುವ ಯಾರದೋ ಸೀನು.
ಕಡೀಕ ಫಕ್ಕೀರವ್ವ, ತಲಿ ಎತ್ತದ,
ಮುಂಗೈಲೆ ಕಣ್ಣು ಒರಿಸಿಕೋತ ಕೇಳಿದಳು:
"ಒಂಬತ್ತೂವರಿಗೆ ಬ್ಯಾರೆ ಯಾವ ಚಾನೆಲ್‌ನ್ಯಾಗರ
ಚೊಲೋ ಕೆಟ್ಟಾಕಿ ಒಬ್ಬಾಕಿ ಅದಾಳೇನವಾ?"