ಏಳು ಮೀಟರಿನ ಅನುಮಾನ

ಪೋರ್ತುಗೀಜರ ಕಾಲದ ನಕಾಶೆ ಸ್ಕ್ಯಾನಾಗಿ ಬಂದಿದೆ,
ಮಡಿಕೆಯ ಗೆರೆಗುಂಟ ಗೆದ್ದಲು ತಿಂದದ್ದೂ ಸೇರಿ.
ಅದನ್ನು ಇವತ್ತಿನ ವಾಸ್ಕೋದ ಮೇಲೆ ಹಾಸಬೇಕು.
ಶಿಲುಬೆಗೆ ಶಿಲುಬೆ, ಬಂದರಿನ ಮೂಲೆಗೆ ಮೂಲೆ,
ಅವ್ವ ಕೌದಿಗೆ ಟಾಕು ಹಾಕುವ ಹಾಗೆ
ನಾಲ್ಕು ಕಡೆ ಚುಚ್ಚಿ ಎಳೆದೆ.
ಮೊದಲ ಸಲ ಬ್ಯಾರಕ್ಕು ಪೂರಾ ಕಡಲಿಗೆ ಬಿತ್ತು.

ಎರಡನೆಯ ಸಲ ನೆಲ ಹತ್ತಿತು.

ಸಿಪಾಯಿ ನೂರಾ ಹದಿನೇಳು. ಇನ್ಯಾಂಬಾನೆ. ಕರಿಯ.
ಎದೆಯಳತೆ ಬರೆದಿದ್ದಾರೆ. ಹಲ್ಲು ಎಷ್ಟು, ಅದೂ ಇದೆ.
ಹೆಸರಿನ ಜಾಗದಲ್ಲಿ ಪಾದ್ರಿ ಇಟ್ಟದ್ದು,
ಒಂದೇ ತಿಂಗಳಲ್ಲಿ ಹನ್ನೊಂದು ಮಂದಿಗೆ ಒಂದೇ ಹೆಸರು.
ಆ ತಿಂಗಳ ಸಂತ ಯಾರೋ, ಅವನದು.
ನಗು ಬರಲಿಲ್ಲ ನನಗೆ.
ಅಪ್ಪನ ಮಸ್ಟರ್ ರೋಲಿನಲ್ಲಿ ಹೆಬ್ಬೆಟ್ಟಿನ ಪಕ್ಕ
'ಬಿಜಾಪುರದವ, ೪' ಎಂದಿತ್ತು.

ಪಕ್ಕದ ಮನೆಯ ಪಿಯೆದಾದ್ ಬಾಯಿಗೆ ಎಂಬತ್ತಾರು.
"ಖಾಪ್ರಿಗಳಾ?" ಅಂದಳು, ಬಾಂಗಡೆ ಹಸನು ಮಾಡುತ್ತ,
"ನಮ್ಮನ್ನ ಹೆದರಿಸಲಿಕ್ಕೇ ತಂದಿದ್ದರು.
ಒಬ್ಬ ನಮ್ಮ ಬಾವಿಯ ಹಗ್ಗ ಹಿಡಿದು ಅತ್ತ.
ಅತ್ತು, ನನ್ನ ಕೊಡ ತುಂಬಿಸಿಕೊಟ್ಟು ಹೋದ.
ಆದರೂ ಹೆದರಿದೆವು ಬಾಯ್, ಸುಳ್ಳು ಯಾಕೆ."
ಬಾವಿ ಎಲ್ಲಿ ಅಂದೆ.
ಕೈ ತೊಳೆಯದೆ ಎದ್ದು, ಗಲ್ಲಿ ದಾಟಿ,
ನಮ್ಮ ಬಚ್ಚಲ ಗೋಡೆಗೆ ಅಂಗೈ ಊರಿ ನಿಂತಳು.

ಫೋನು ಹಿಡಿದೆ. ನೀಲಿ ಚುಕ್ಕಿ, ಸುತ್ತ ಉಸಿರಾಡುವ ಬಳೆ:
ಏಳು ಮೀಟರ್ ಹೆಚ್ಚುಕಮ್ಮಿ.
ಆ ಅನುಮಾನದೊಳಗೇ ನಮ್ಮ ಒಲೆ,
ಬಾಯಿಯ ಕೋಳಿಗೂಡು, ಗಾಳಿಯುಗುಳುವ ಬೀದಿ ನಲ್ಲಿ,
ಅವ್ವ ಅಮಾಸೆಗೆ ರೊಟ್ಟಿ ಬೀಡಿ ಇಡುವ ಕಲ್ಲು.
ನಾವು ಬರುವ ಮೊದಲೂ ಇತ್ತದು.
ಇಲ್ಲಿಯವರು ಇಡುತ್ತಿದ್ದರು, ಅವ್ವನೂ ಇಟ್ಟಳು,
ಕೇಳಿದರೆ ಖಾಪ್ರಿ ಅನ್ನುತ್ತಾರೆ, ಅಷ್ಟೇ.

"ಸಿಪಾಯಿ ಏನ ಅಂವಾ?"
ಹೌದವ್ವಾ, ಸಮುದ್ರದಾಚಿಯಾಂವ.
"ದುಡಿಯಾಕ ಬಂದಿದ್ನೇನು?"
ಕರಕೊಂಡು ಬಂದಿದ್ರು.
ಅವ್ವ ಬಹಳ ಹೊತ್ತು ಪರದೆಯ ಚುಕ್ಕಿ ನೋಡಿದಳು,
ಅಕ್ಕಿಯೊಳಗಿನ ಹರಳು ನೋಡುವಂತೆ.
"ಇಷ್ಟು ವರ್ಷ ಬೀಡಿ ಇಟ್ಟೆ,
ಕಡ್ಡಿಪೆಟ್ಟಿಗಿ ಇಡಲೇ ಇಲ್ಲಲ್ಲ."

ಹೆಸರು ಕಡ್ಡಾಯ, ಪಕ್ಕದಲ್ಲಿ ಕೆಂಪು ನಕ್ಷತ್ರ.
ಖಾಲಿ ಬಿಟ್ಟರೆ ಚುಕ್ಕಿ ಉಳಿಯುವುದಿಲ್ಲ.
ನೂರಾ ಹದಿನೇಳು ಎಂದು ಹೊಡೆದೆ, ಅಳಿಸಿದೆ.
ಸಂತನ ಹೆಸರು ಹೊಡೆದೆ, ಅಳಿಸಿದೆ.
ಹಗ್ಗ ಹಿಡಿದು ಅತ್ತವನು ಇವನೇ ಎನ್ನಲು
ಪುರಾವೆ ಇಲ್ಲ ನನ್ನ ಹತ್ತಿರ;
ಹನ್ನೊಂದರಲ್ಲಿ ಒಬ್ಬ, ಅಥವಾ ಯಾರೂ ಬರೆದಿಡದ ಹನ್ನೆರಡನೆಯವ.

ಹೊರಗೆ ಕಡ್ಡಿ ಗೀರಿದ ಸಪ್ಪಳ.
ಬಂದರಿನ ಗಾಳಿಗೆ ಆರಿತೇನೋ,
ಅವ್ವ ಇನ್ನೊಂದು ಗೀರಿದಳು.